ಗಣಕ ಪ್ರಶ್ನೋತ್ತರ: ಹಳೆಯ ಪುಟಗಳನ್ನು ಮರವಾಗಿಸಿ ಓದುವುದು

ಜಾಲತಾಣಗಳ ಹಳೆಯ ಪುಟಗಳಿಂದ ಮಾಹಿತಿಯನ್ನು ಹೊರತೆಗೆಯುವ ಬಗ್ಗೆ ಕೊಡಗು ಜಿಲ್ಲೆಯ ನಾನಾ ಕಡೆಗಳಿಂದ ಪತ್ರಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವು ಜಾಲಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಪಠ್ಯವನ್ನು ರಚನಾವೃಕ್ಷವಾಗಿ, ಅಂದರೆ ಸಿಂಟ್ಯಾಕ್ಸ್ ಟ್ರೀ ಆಗಿ, ಪರಿವರ್ತಿಸುವ ರೀಹೈಪ್-ಪಾರ್ಸ್ ಎಂಬ ಜಾವಾಸ್ಕ್ರಿಪ್ಟ್ ಪ್ಲಗಿನ್ನಿನ (ದೊಡ್ಡ ತಂತ್ರಾಂಶಕ್ಕೆ ಜೋಡಿಸುವ ಸಣ್ಣ ಭಾಗದ) ಸುತ್ತಲೇ ಇರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಡಲಾಗಿದೆ.

ಪ್ರಶ್ನೆ: ನಮ್ಮ ಬೆಳೆಗಾರರ ಸಂಘದ ಜಾಲತಾಣದಲ್ಲಿ ಹಲವು ವರ್ಷಗಳ ಮಳೆ ಲೆಕ್ಕದ ಪುಟಗಳಿವೆ. ತೋಟಗಳಿಂದ ಬಂದ ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕವನ್ನು ಆಯಾ ಕಾಲದಲ್ಲಿ ಬೇರೆ ಬೇರೆಯವರು ಕೈಯಿಂದಲೇ ಕೋಷ್ಟಕಕ್ಕೆ ತುಂಬಿದ್ದಾರೆ. ಇವನ್ನೆಲ್ಲ ಒಂದೇ ಸ್ಪ್ರೆಡ್‌ಶೀಟಿಗೆ ತರಲು ಜಾವಾಸ್ಕ್ರಿಪ್ಟಿನಲ್ಲಿ, ಪಠ್ಯದೊಳಗೆ ಹುಡುಕುವ ಸೂತ್ರವಾದ ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದೆ. ಕೆಲವು ಪುಟಗಳಲ್ಲಿ ಸಾಲುಗಳೇ ಬಿಟ್ಟುಹೋಗುತ್ತಿವೆ, ಕೆಲವೆಡೆ ಎರಡು ದಿನಗಳ ಮಳೆ ಒಂದೇ ಮನೆಯಲ್ಲಿ ಸೇರಿಕೊಳ್ಳುತ್ತಿದೆ. ರೀಹೈಪ್-ಪಾರ್ಸ್ ಬಳಸಿ ಎಂದು ಮಗಳು ಹೇಳುತ್ತಾಳೆ. ಅದು ಮಾಡುವ ಕೆಲಸವೇನು? ನಮ್ಮ ಪುಟಗಳಿಗೆ ಅದು ಒದಗೀತೇ?
— ಬೆಳೆಗಾರರೊಬ್ಬರು, ಪೊನ್ನಂಪೇಟೆ

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿಯಾದ ದಾರಿ. ಪುಟಗಳನ್ನು ಬರೆದವರು ತಪ್ಪು ಮಾಡಿದ್ದಾರೆಂದು ನಿಮಗೆ ಅನಿಸಿರಬಹುದು, ಆದರೆ ಟಿಡಿ (ಕೋಷ್ಟಕದ ಮನೆ), ಟಿಆರ್ (ಕೋಷ್ಟಕದ ಸಾಲು), ಪಿ (ಪ್ಯಾರಾ), ಎಲ್‌ಐ ಮುಂತಾದ ಟ್ಯಾಗ್‌ಗಳ ಮುಕ್ತಾಯದ ಗುರುತನ್ನು ಬರೆಯದೆ ಬಿಡಲು ಎಚ್‌ಟಿಎಂಎಲ್‌ನ ನಿಯಮವೇ ಅವಕಾಶ ಕೊಡುತ್ತದೆ. ಒಂದು ಟಿಡಿ ತೆರೆದಿರುವಾಗ ಇನ್ನೊಂದು ಟಿಡಿ ಬಂದರೆ ಮೊದಲನೆಯದು ಅಲ್ಲಿಗೆ ಮುಗಿಯಿತೆಂದು ಬ್ರೌಸರ್ ತಿಳಿಯುತ್ತದೆ. ಮುಕ್ತಾಯದ ಟ್ಯಾಗನ್ನೇ ಹುಡುಕುವ ನಿಮ್ಮ ರೆಗ್ಯುಲರ್ ಎಕ್ಸ್‌ಪ್ರೆಶನ್ ಅದು ಸಿಗದಿದ್ದಾಗ ಮುಂದಿನ ಮನೆಯನ್ನೂ ಸೇರಿಸಿಕೊಂಡು ಓಡುತ್ತದೆ. ಎರಡು ದಿನಗಳ ಮಳೆ ಒಂದಾಗುವುದು ಈ ಕಾರಣದಿಂದಲೇ. ಒಂದು ಪುಟಕ್ಕೆ ಹೊಂದಿಸಿ ತಿದ್ದಿದರೆ ಇನ್ನೊಂದು ಪುಟದಲ್ಲಿ ಅದು ಕೆಡುತ್ತದೆ. ಹುಡುಕುವ ಸೂತ್ರವನ್ನು ಎಷ್ಟು ಜಾಣತನದಿಂದ ಬರೆದರೂ ಒಳಗೊಳಗೆ ಸೇರಿಕೊಂಡ ರಚನೆಯನ್ನು ಅದು ಪೂರ್ತಿಯಾಗಿ ಹಿಡಿಯಲಾರದು.

ರೀಹೈಪ್-ಪಾರ್ಸ್ ಪಠ್ಯದಲ್ಲಿ ಹುಡುಕುವುದಿಲ್ಲ, ಪಠ್ಯವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮರವನ್ನು ಕಟ್ಟುತ್ತದೆ. ಅದು ಯೂನಿಫೈಡ್ ಎಂಬ ದೊಡ್ಡ ವ್ಯವಸ್ಥೆಯ ಒಂದು ಪ್ಲಗಿನ್. ಪಠ್ಯವನ್ನು ಮರವಾಗಿಸುವುದು, ಮರದ ಮೇಲೆ ಕೆಲಸ ಮಾಡುವುದು, ಮರವನ್ನು ಮತ್ತೆ ಪಠ್ಯವಾಗಿಸುವುದು ಎಂಬ ಮೂರು ಹಂತಗಳು ಆ ವ್ಯವಸ್ಥೆಯಲ್ಲಿದ್ದು, ರೀಹೈಪ್-ಪಾರ್ಸ್ ಮೊದಲ ಹಂತವನ್ನೂ ರೀಹೈಪ್-ಸ್ಟ್ರಿಂಗಿಫೈ ಕೊನೆಯ ಹಂತವನ್ನೂ ನೋಡಿಕೊಳ್ಳುತ್ತವೆ. ನಿಜವಾಗಿ ಅಕ್ಷರ ಅಕ್ಷರವನ್ನು ಓದುವ ಕೆಲಸ ಒಳಗಿರುವ ಪಾರ್ಸ್5 ಎಂಬ ಲೈಬ್ರರಿಯದು, ಅಂದರೆ ಸಿದ್ಧ ಪ್ರೋಗ್ರಾಮುಗಳ ಸಂಗ್ರಹದ್ದು. ಬ್ರೌಸರುಗಳು ಪಾಲಿಸಬೇಕಾದ ಎಚ್‌ಟಿಎಂಎಲ್ ಮಾನದಂಡದಲ್ಲಿ ಕೆಟ್ಟ ಪುಟವನ್ನು ಹೇಗೆ ಸರಿಪಡಿಸಿ ಓದಬೇಕೆಂಬುದನ್ನೂ ಹೆಜ್ಜೆ ಹೆಜ್ಜೆಯಾಗಿ ಬರೆಯಲಾಗಿದೆ. 2014ರಲ್ಲಿ ಜಾಲದ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯು3ಸಿಯ ಶಿಫಾರಸಾಗಿ ಹೊರಬಂದ ಎಚ್‌ಟಿಎಂಎಲ್5ರ ಬಹುದೊಡ್ಡ ಕೊಡುಗೆ ಇದೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ಅದಕ್ಕೂ ಮೊದಲು ಒಂದೊಂದು ಬ್ರೌಸರ್ ತನ್ನದೇ ರೀತಿಯಲ್ಲಿ ಕೆಟ್ಟ ಪುಟಗಳನ್ನು ಊಹಿಸಿ ಓದುತ್ತಿತ್ತು. ಪಾರ್ಸ್5 ಆ ಹೆಜ್ಜೆಗಳನ್ನೇ ಅನುಸರಿಸುವುದರಿಂದ ಬ್ರೌಸರಿನಲ್ಲಿ ಸರಿಯಾಗಿ ಕಾಣುವ ನಿಮ್ಮ ಕೋಷ್ಟಕ ಮರದಲ್ಲಿಯೂ ಸರಿಯಾಗಿಯೇ ನಿಲ್ಲುತ್ತದೆ.

ಸಿಗುವ ಮರದ ಮಾದರಿಗೆ ಹ್ಯಾಸ್ಟ್ ಎಂದು ಹೆಸರು. ಅದರ ಗಂಟುಗಳಾಗಿ ಬರುವ ನೋಡ್‌ಗಳು ಮುಖ್ಯವಾಗಿ ಐದು ಬಗೆಯವು: ಇಡೀ ಪುಟದ ಬೇರಾದ ರೂಟ್, ಟ್ಯಾಗ್‌ಗಳಿಗೆ ಎಲಿಮೆಂಟ್, ಬರಹಕ್ಕೆ ಟೆಕ್ಸ್ಟ್, ಟಿಪ್ಪಣಿಗೆ ಕಾಮೆಂಟ್, ಪುಟದ ತಲೆಯ ಘೋಷಣೆಗೆ ಡಾಕ್‌ಟೈಪ್. ಎಲಿಮೆಂಟಿನಲ್ಲಿ ಟ್ಯಾಗಿನ ಹೆಸರು, ಟ್ಯಾಗಿನೊಳಗೆ ಬರೆಯುವ ಗುಣಗಳು (ಆಟ್ರಿಬ್ಯೂಟ್) ಮತ್ತು ಮಕ್ಕಳ, ಅಂದರೆ ಅದರೊಳಗಿನ ನೋಡುಗಳ, ಪಟ್ಟಿ ಇರುತ್ತವೆ. ಉದಾಹರಣೆಗೆ ಒಂದು ಸಾಲಿನಲ್ಲಿ ಟಿಆರ್, ಟಿಡಿ, ಜೂನ್ 14, ಮತ್ತೆ ಟಿಡಿ, 2 ಇಂಚು 35 ಸೆಂಟ್ ಎಂದು ಮುಕ್ತಾಯದ ಗುರುತೇ ಇಲ್ಲದೆ ಬರೆದಿದ್ದರೂ, ಮರದಲ್ಲಿ ಟಿಆರ್‌ಗೆ ಎರಡು ಟಿಡಿ ಮಕ್ಕಳಿದ್ದು ಮೊದಲನೆಯದರೊಳಗೆ ದಿನಾಂಕದ ಟೆಕ್ಸ್ಟ್, ಎರಡನೆಯದರೊಳಗೆ ಮಳೆಯ ಟೆಕ್ಸ್ಟ್ ಪ್ರತ್ಯೇಕವಾಗಿರುತ್ತವೆ. ಮರ ದೊರೆತ ಮೇಲೆ ಹ್ಯಾಸ್ಟ್-ಯುಟಿಲ್-ಸೆಲೆಕ್ಟ್ ಎಂಬ ಸಣ್ಣ ಉಪಕರಣದಿಂದ, ಪುಟದ ವಿನ್ಯಾಸ ಹೇಳುವ ಸಿಎಸ್‌ಎಸ್‌ನಲ್ಲಿ ಬರೆಯುವಂತೆಯೇ ಆಯ್ಕೆಯ ಸೂತ್ರ ಬರೆದು, ಸಾಲುಗಳನ್ನು ಒಂದೊಂದಾಗಿ ತೆಗೆಯಬಹುದು. ಮನೆಯೊಳಗಿನ ಬರಹಕ್ಕೆ ಹ್ಯಾಸ್ಟ್-ಯುಟಿಲ್-ಟು-ಟೆಕ್ಸ್ಟ್ ಬಳಸಿರಿ. ಒಂದೇ ಮನೆಯಲ್ಲಿ ಬಿಆರ್ ಟ್ಯಾಗಿನಿಂದ ಎರಡು ಸಾಲು ಮಾಡಿದ್ದರೆ ಅದು ಸಾಲನ್ನು ಮುರಿದೇ ಕೊಡುತ್ತದೆ, ಅಂಕಿಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ.

ಇಲ್ಲಿಯವರೆಗಿನದು ಸುಲಭ. ಪರಿಶೀಲಿಸದೆ ನಂಬಬಾರದ ಒಂದು ಸಂಗತಿ ಇದರ ಮುಂದೆ ಬರುತ್ತದೆ. ಈ ಪ್ಲಗಿನ್ ಎಂಥ ಪುಟವನ್ನು ಕೊಟ್ಟರೂ ನಿಲ್ಲುವುದಿಲ್ಲ, ದೋಷವೆಂದು ಹಿಂತಿರುಗಿಸುವುದೂ ಇಲ್ಲ. ಏನನ್ನೇ ಕೊಟ್ಟರೂ ಒಂದು ಮರವನ್ನು ಕೊಟ್ಟೇ ಕೊಡುತ್ತದೆ. ದುರಸ್ತಿ ಮೌನವಾಗಿ ನಡೆದುಹೋಗಿರುತ್ತದೆ. ನಿಮ್ಮಂಥ ಪುಟಗಳಲ್ಲಿ ಅತಿ ಸಾಮಾನ್ಯವಾದ ದುರಸ್ತಿಯೊಂದನ್ನು ಹತ್ತಿರದಿಂದ ನೋಡೋಣ. ಕೋಷ್ಟಕ ತುಂಬಿದವರು ಜೂನ್ 14ರ ಸಾಲು ಮತ್ತು 15ರ ಸಾಲಿನ ನಡುವೆ, ಯಾವ ಟಿಡಿಯೊಳಗೂ ಇಡದೆ, “ಇಲ್ಲಿಂದ ಹೊಸ ಮಳೆಮಾಪಕ” ಎಂದು ಬರೆದಿದ್ದಾರೆಂದು ಇಟ್ಟುಕೊಳ್ಳಿ. ಕೋಷ್ಟಕದೊಳಗೆ ಸಾಲುಗಳ ನಡುವೆ ಬರಿಯ ಬರಹ ಇರಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ ಪಾರ್ಸರ್, ಅಂದರೆ ಪುಟವನ್ನು ಓದಿ ಮರ ಕಟ್ಟುವ ಭಾಗ, ಆ ವಾಕ್ಯವನ್ನು ಎತ್ತಿ ಕೋಷ್ಟಕದ ಹೊರಗೆ, ಅದರ ಮೇಲ್ಭಾಗದಲ್ಲಿ ಇಡುತ್ತದೆ. ಬ್ರೌಸರಿನಲ್ಲಿಯೂ ಅದು ಮೇಲೆಯೇ ಕಾಣುತ್ತದೆ. ಸಾಲುಗಳನ್ನು ಮಾತ್ರ ಆಯ್ದುಕೊಳ್ಳುವ ನಿಮ್ಮ ಪ್ರೋಗ್ರಾಮಿಗೆ ಆ ವಾಕ್ಯ ಸಿಗುವುದಿಲ್ಲ, ಸಿಕ್ಕರೂ ಅದು ಯಾವ ದಿನಕ್ಕೆ ಸೇರಿದ್ದೆಂದು ತಿಳಿಯುವುದಿಲ್ಲ. ಮಳೆಯ ದಾಖಲೆಯಲ್ಲಿ ಮಾಪಕ ಬದಲಾದ ದಿನ ಸಣ್ಣ ವಿಷಯವಲ್ಲ.

ಇದನ್ನು ಪತ್ತೆಹಚ್ಚಲು ಮರದಲ್ಲಿಯೇ ದಾರಿಯಿದೆ. ಮೂಲ ಕಡತದಿಂದ ಬಂದ ಪ್ರತಿಯೊಂದು ನೋಡಿನಲ್ಲಿ ಪೊಸಿಷನ್ ಎಂಬ ಭಾಗವಿದ್ದು, ಆ ನೋಡ್ ಮೂಲ ಕಡತದ ಯಾವ ಸಾಲು, ಯಾವ ಅಂಕಣ, ಮೊದಲಿನಿಂದ ಎಷ್ಟನೆಯ ಅಕ್ಷರದಲ್ಲಿ ಆರಂಭವಾಗಿ ಎಲ್ಲಿ ಮುಗಿಯಿತು ಎಂಬುದನ್ನು ಅದು ದಾಖಲಿಸಿಡುತ್ತದೆ. ಸಾಲು ಮತ್ತು ಅಂಕಣಗಳ ಎಣಿಕೆ 1ರಿಂದಲೂ ಅಕ್ಷರಗಳ ಎಣಿಕೆಯಾದ ಆಫ್‌ಸೆಟ್ 0ಯಿಂದಲೂ ಆರಂಭವಾಗುತ್ತದೆ. ಮರದಲ್ಲಿ ಕೋಷ್ಟಕಕ್ಕಿಂತ ಮೊದಲು ನಿಂತಿರುವ ಬರಹದ ಅಂತ್ಯದ ಆಫ್‌ಸೆಟ್, ಕೋಷ್ಟಕದ ಆರಂಭದ ಆಫ್‌ಸೆಟ್ಟಿಗಿಂತ ದೊಡ್ಡದಾಗಿದ್ದರೆ ಆ ಬರಹ ಕೋಷ್ಟಕದ ಒಳಗಿನಿಂದ ಎತ್ತಿ ಹೊರಗಿಟ್ಟದ್ದೆಂದು ತಿಳಿಯಬೇಕು. ಈ ಒಂದು ಹೋಲಿಕೆಯನ್ನು ನಿಮ್ಮ ಪ್ರೋಗ್ರಾಮಿನಲ್ಲಿ ಬರೆದು, ಅಂಥ ಪುಟಗಳ ಹೆಸರುಗಳನ್ನು ಬೇರೆಯಾಗಿ ಪಟ್ಟಿ ಮಾಡಿಸಿ, ಅವನ್ನು ಮಾತ್ರ ಕಣ್ಣಿನಿಂದ ನೋಡಿ ಸರಿಪಡಿಸಿರಿ. ಎಮಿಟ್-ಪಾರ್ಸ್-ಎರರ್ಸ್ ಎಂಬ ಆಯ್ಕೆಯನ್ನು ಚಾಲೂ ಮಾಡಿದರೆ ಪಾರ್ಸರ್ ಗುರುತಿಸಿದ ದೋಷಗಳು ಎಚ್ಚರಿಕೆಗಳಾಗಿ ಕಡತದ ಜೊತೆಗೆ ಬರುತ್ತವೆ, ಅದೂ ಉಪಯುಕ್ತವೇ. ಆದರೆ ಎಲ್ಲ ದುರಸ್ತಿಗಳೂ ಆ ಪಟ್ಟಿಯಲ್ಲಿ ಬರುವುದಿಲ್ಲವಾದ್ದರಿಂದ ಪಟ್ಟಿ ಖಾಲಿಯಿದೆ ಎಂದ ಮಾತ್ರಕ್ಕೆ ಪುಟ ಶುದ್ಧವಾಗಿದೆ ಎಂದು ತೀರ್ಮಾನಿಸಬೇಡಿ.

ಇನ್ನೆರಡು ಕಡೆ ಎಚ್ಚರ ಬೇಕು. ಕೊನೆಯ ಟಿಡಿಯನ್ನೂ ಕೋಷ್ಟಕವನ್ನೂ ಮುಚ್ಚದೆ ಬಿಟ್ಟಿದ್ದರೆ ಪುಟದಲ್ಲಿ ಅದರ ನಂತರ ಬರುವ ಎಲ್ಲವೂ ಆ ಕೊನೆಯ ಮನೆಯೊಳಗೆ ಸೇರಿಬಿಡುತ್ತದೆ. ಒಂದು ಮನೆಯ ಬರಹ ಅಸಹಜವಾಗಿ ಉದ್ದವಾಗಿದ್ದರೆ ಇದೇ ಕಾರಣವಿರಬಹುದು. ಇನ್ನು, ಒಂದೇ ತೋಟದ ಹೆಸರನ್ನು ಹಲವು ಸಾಲುಗಳಿಗೆ ಹರಡಿರುವ ರೋಸ್ಪ್ಯಾನ್ ಇದ್ದಲ್ಲಿ ಮರ ಅದನ್ನು ಗುಣವಾಗಿ ಮಾತ್ರ ತೋರಿಸುತ್ತದೆ, ಕೆಳಗಿನ ಸಾಲುಗಳಲ್ಲಿ ಆ ಮನೆಯನ್ನು ತುಂಬಿಕೊಡುವುದಿಲ್ಲ. ಹಾಗಾಗಿ ಮೂರನೆಯ ಟಿಡಿಯೇ ಮೂರನೆಯ ಅಂಕಣ ಎಂದು ಎಣಿಸಿದರೆ ಅಂಕಿಗಳು ಪಕ್ಕಕ್ಕೆ ಸರಿಯುತ್ತವೆ. ಆ ಎಣಿಕೆ ನಿಮ್ಮ ಪ್ರೋಗ್ರಾಮಿನ ಹೊಣೆ.

ಕಡೆಯದಾಗಿ, ಪಾರ್ಸರಿಗೆ ಸಂಬಂಧಿಸದಿದ್ದರೂ ಹೇಳಲೇಬೇಕಾದ ಮಾತು: 1 ಇಂಚು 5 ಸೆಂಟ್ ಎಂದರೆ 1.05 ಇಂಚು, 1.5 ಅಲ್ಲ. ಮಿಲಿಮೀಟರಿಗೆ ತಂದಾಗ ಮೊದಲನೆಯದು 26.67, ಎರಡನೆಯದು 38.1. ಸೆಂಟನ್ನು ನೂರರಿಂದ ಭಾಗಿಸಿ ಕೂಡಿಸಿದ ಮೇಲೆಯೇ 25.4ರಿಂದ ಗುಣಿಸಿರಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಬರಿಯ ಒಂದು ಪ್ಯಾರಾವನ್ನು ರೀಹೈಪ್-ಪಾರ್ಸ್‌ಗೆ ಕೊಟ್ಟರೆ ನಾನು ಬರೆಯದ ಎಚ್‌ಟಿಎಂಎಲ್, ಹೆಡ್, ಬಾಡಿ ಎಂಬ ಟ್ಯಾಗ್‌ಗಳು ಮರದಲ್ಲಿ ಬರುತ್ತವೆ. ಕೋಷ್ಟಕದ ಕೆಲವು ಸಾಲುಗಳನ್ನು ಮಾತ್ರ ಕೊಟ್ಟರೆ ಟಿಆರ್, ಟಿಡಿಗಳು ಮಾಯವಾಗಿ ಬರಹ ಮಾತ್ರ ಉಳಿಯುತ್ತದೆ. ಇದು ಪ್ಲಗಿನ್ನಿನ ದೋಷವೇ?
— ವಿದ್ಯಾರ್ಥಿ, ಕುಶಾಲನಗರ

ಉತ್ತರ: ದೋಷವಲ್ಲ. ಬೇರೇನೂ ಹೇಳದಿದ್ದರೆ ಪ್ಲಗಿನ್ ನೀವು ಕೊಟ್ಟದ್ದನ್ನು ಇಡೀ ಪುಟವೆಂದು ಭಾವಿಸುತ್ತದೆ. ಇಡೀ ಪುಟಕ್ಕೆ ಆ ಮೂರು ಅಂಗಗಳು ಇರಲೇಬೇಕಾದ್ದರಿಂದ ಅವನ್ನು ತಾನೇ ಸೇರಿಸುತ್ತದೆ. ಬಾಡಿಯೊಳಗೆ, ಸುತ್ತ ಟೇಬಲ್ ಇಲ್ಲದೆ, ನೇರವಾಗಿ ಟಿಆರ್ ಬಂದರೆ ಅದನ್ನು ಕಡೆಗಣಿಸಬೇಕೆಂದು ಮಾನದಂಡ ಹೇಳುವುದರಿಂದ ನಿಮ್ಮ ಸಾಲುಗಳ ಟ್ಯಾಗ್‌ಗಳು ಬಿದ್ದುಹೋಗುತ್ತವೆ. ಪ್ಲಗಿನ್ನನ್ನು ಸೇರಿಸುವಾಗ ಫ್ರಾಗ್ಮೆಂಟ್ ಎಂಬ ಆಯ್ಕೆಯನ್ನು ಟ್ರೂ ಎಂದು ಕೊಟ್ಟರೆ ನಿಮ್ಮದು ಪುಟದ ತುಣುಕೆಂದು ಅದು ತಿಳಿಯುತ್ತದೆ. ಆಗ ಹೊರಗಿನ ಅಂಗಗಳು ಬರುವುದಿಲ್ಲ, ಬಿಡಿ ಸಾಲುಗಳೂ ಉಳಿಯುತ್ತವೆ.

ಟಿಬಾಡಿಯ ವಿಷಯವೂ ಇದಕ್ಕೆ ಹತ್ತಿರದ್ದು. ಟೇಬಲ್‌ನೊಳಗೆ ನೇರವಾಗಿ ಟಿಆರ್ ಬರೆದಿದ್ದರೂ ಮರದಲ್ಲಿ ಅವೆರಡರ ನಡುವೆ ಟಿಬಾಡಿ ಬರುತ್ತದೆ. ಟೇಬಲ್‌ನ ನೇರ ಮಗು ಟಿಆರ್ ಎಂದು ಸೂತ್ರ ಬರೆದವರಿಗೆ ಒಂದು ಸಾಲೂ ಸಿಗದಿರುವುದು ಇದರಿಂದ. ನೀವು ಬರೆದದ್ದು ಯಾವುದು, ಪಾರ್ಸರ್ ಸೇರಿಸಿದ್ದು ಯಾವುದು ಎಂದು ಗುರುತಿಸಲು ಪೊಸಿಷನ್ ನೋಡಿ. ಹೀಗೆ ಪಾರ್ಸರ್ ತಾನಾಗಿ ಸೇರಿಸಿದ ನೋಡಿಗೆ ಮೂಲ ಕಡತದಲ್ಲಿ ಜಾಗವೇ ಇಲ್ಲವಾದ್ದರಿಂದ ಪೊಸಿಷನ್ ಇರುವುದಿಲ್ಲ. ಯುನಿಸ್ಟ್-ಯುಟಿಲ್-ಇನ್‌ಸ್ಪೆಕ್ಟ್ ಎಂಬ ಉಪಕರಣ ಇಡೀ ಮರವನ್ನು ಕೊಂಬೆ ಕೊಂಬೆಯಾಗಿ ಪರದೆಯ ಮೇಲೆ ಅಚ್ಚುಮಾಡುತ್ತದೆ. ಮರದ ಮೇಲೆ ಯಾವ ಪ್ರೋಗ್ರಾಮನ್ನೇ ಬರೆಯುವ ಮೊದಲು ಅದನ್ನು ಒಮ್ಮೆ ಓದುವ ಅಭ್ಯಾಸವನ್ನು ವಿದ್ಯಾರ್ಥಿದೆಸೆಯಲ್ಲಿಯೇ ಮಾಡಿಕೊಳ್ಳಿರೆಂದು ಒತ್ತಿ ಹೇಳುತ್ತೇನೆ.

ಇನ್ನೊಂದು ಮಾತು. ಗುಣಗಳ ಹೆಸರುಗಳು ಹ್ಯಾಸ್ಟ್‌ನಲ್ಲಿ ಎಚ್‌ಟಿಎಂಎಲ್‌ನಲ್ಲಿ ಬರೆದಂತೆಯೇ ಇರುವುದಿಲ್ಲ. ಕ್ಲಾಸ್ ಎಂಬುದು ಕ್ಲಾಸ್‌ನೇಮ್ ಆಗಿ, ಅದರ ಮೌಲ್ಯ ಒಂದೇ ಪದವಿದ್ದರೂ ಪಟ್ಟಿಯಾಗಿ ಸಿಗುತ್ತದೆ. ಅದನ್ನು ಸಾದಾ ಪಠ್ಯದೊಡನೆ ಹೋಲಿಸಿ ಉತ್ತರ ಸಿಗಲಿಲ್ಲವೆಂದು ಕೂರಬೇಡಿ.

ಪ್ರಶ್ನೆ: ನಮ್ಮ ಗ್ರಂಥಾಲಯದ ಬಳಗದವರು ಬಹಳ ಹಿಂದೆ ಸ್ಮರಣ ಸಂಚಿಕೆಯ ಲೇಖನಗಳನ್ನು ನುಡಿ ಫಾಂಟಿನಲ್ಲಿ ಜಾಲಪುಟಗಳಾಗಿ ಮಾಡಿ ಇಟ್ಟಿದ್ದರು. ಈಗ ತೆರೆದರೆ ರೋಮನ್ ಅಕ್ಷರಗಳು, ಪೌಂಡಿನ ಚಿಹ್ನೆ ಇತ್ಯಾದಿ ಕಾಣುತ್ತವೆ. ಪುಟಗಳಲ್ಲಿ ಇಂಗ್ಲಿಷ್ ಹೆಸರುಗಳೂ ನಡುನಡುವೆ ಇವೆ. ಇಡೀ ಕಡತವನ್ನು ಯುನಿಕೋಡ್ ಪರಿವರ್ತಕಕ್ಕೆ ಹಾಕಿದರೆ ಇಂಗ್ಲಿಷ್ ಹೆಸರುಗಳೂ ಟ್ಯಾಗ್‌ಗಳೂ ಕನ್ನಡವಾಗಿಬಿಡುತ್ತವೆ. ಮರದ ದಾರಿಯಿಂದ ಇದನ್ನು ಬಿಡಿಸಬಹುದೇ?
— ನಿವೃತ್ತ ಉಪಾಧ್ಯಾಯರು, ಮಡಿಕೇರಿ

ಉತ್ತರ: ಬಿಡಿಸಬಹುದು. ಮರದ ಉಪಯೋಗ ಪೂರ್ತಿಯಾಗಿ ತಿಳಿಯುವುದು ಇಂಥ ಕೆಲಸದಲ್ಲಿಯೇ ಎಂದು ನನಗೆ ಅನಿಸುತ್ತದೆ. ಕೊಡಗಿನ ಎಷ್ಟೋ ಬರಹಗಳು ಹೀಗೆ ಹಳೆಯ ಫಾಂಟುಗಳೊಳಗೆ ಸಿಕ್ಕಿಕೊಂಡಿರುವಾಗ ನೀವು ಅವನ್ನು ಹೊರತರಲು ಕೈಹಾಕಿರುವುದು ಬಹಳ ಸಂತೋಷದ ಸಂಗತಿ.

ಮೊದಲು ಸ್ಥಿತಿಯನ್ನು ತಿಳಿಯೋಣ. ಆ ಪುಟಗಳಲ್ಲಿ ಇರುವುದು ಕನ್ನಡದ ಸಂಕೇತಗಳಲ್ಲ. ಕನ್ನಡ ಎಂಬ ಪದದ ಕ ಅಕ್ಷರದ ಜಾಗದಲ್ಲಿ ರೋಮನ್ನಿನ ದೊಡ್ಡ ಪಿ ಮತ್ತು ತಲೆಯ ಮೇಲೆ ಓರೆಗೆರೆಯಿರುವ ದೊಡ್ಡ ಎ ಎಂಬ ಎರಡು ಸಂಕೇತಗಳಿರುತ್ತವೆ. ಅದರ ಮುಂದಿನ ನ ಅಕ್ಷರ ಪೌಂಡಿನ ಚಿಹ್ನೆಯಿಂದ ಆರಂಭವಾಗುತ್ತದೆ. ನುಡಿ ಫಾಂಟ್ ಆ ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಬಿಡಿಸಿ ತೋರಿಸುತ್ತಿತ್ತು. ಫಾಂಟ್ ಇಲ್ಲದಿದ್ದರೆ ಒಳಗಿರುವುದೇ ಕಾಣುತ್ತದೆ.

ಹೀಗಾಗಿ ಮೊದಲ ಅಪಾಯ ಪಾರ್ಸರಿಗೂ ಮುಂಚೆಯೇ ಇದೆ. ಅಂಥ ಕಡತಗಳು ಸಾಮಾನ್ಯವಾಗಿ ವಿಂಡೋಸ್-1252 ಎಂಬ ಸಂಕೇತ ಪದ್ಧತಿಯಲ್ಲಿ ಉಳಿಸಲ್ಪಟ್ಟಿರುತ್ತವೆ. ಅದರಲ್ಲಿ ಓರೆಗೆರೆಯ ಎ, ಪೌಂಡ್ ಮುಂತಾದವು ಒಂದೊಂದು ಬೈಟಿನಲ್ಲಿರುತ್ತವೆ. ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ನಡೆಸುವ ನೋಡ್‌ಜೆಎಸ್‌ನಲ್ಲಿ ಕಡತವನ್ನು ಯುನಿಕೋಡಿನ ಯುಟಿಎಫ್-8 ಎಂದು ಹೇಳಿ ಓದಿಸಿದರೆ ಆ ಬೈಟುಗಳು ಅಲ್ಲಿ ಅಮಾನ್ಯವಾದ್ದರಿಂದ, ಒಂದಕ್ಕೊಂದು ಬೇರೆಯಾದ ಸಂಕೇತಗಳೆಲ್ಲವೂ ಪ್ರಶ್ನಾರ್ಥಕದ ಗುರುತಿರುವ ಒಂದೇ ಬದಲಿ ಚಿಹ್ನೆಯಾಗಿ ಮಾರ್ಪಡುತ್ತವೆ. ಹಾಗೆ ಓದಿದ್ದನ್ನು ಅದೇ ಕಡತದ ಮೇಲೆ ಉಳಿಸಿದರೆ ಲೇಖನ ಶಾಶ್ವತವಾಗಿ ಹೋಯಿತೆಂದೇ ತಿಳಿಯಬೇಕು. ರೀಹೈಪ್-ಪಾರ್ಸ್ ಇದರಿಂದ ನಿಮ್ಮನ್ನು ಕಾಪಾಡುವುದಿಲ್ಲ, ಏಕೆಂದರೆ ಪುಟದ ತಲೆಯಲ್ಲಿರುವ, ಸಂಕೇತ ಪದ್ಧತಿಯನ್ನು ಹೇಳುವ ಚಾರ್‌ಸೆಟ್ ಘೋಷಣೆಯನ್ನು ನೋಡಿ ಅದು ಬೈಟುಗಳನ್ನು ಬಿಡಿಸುವುದಿಲ್ಲ, ಈಗಾಗಲೇ ಪಠ್ಯವಾದದ್ದನ್ನಷ್ಟೇ ಓದುತ್ತದೆ. ಆದ್ದರಿಂದ ಕಡತವನ್ನು ಬರಿಯ ಬೈಟುಗಳಾಗಿ ಓದಿ, ಜಾವಾಸ್ಕ್ರಿಪ್ಟಿನ ಟೆಕ್ಸ್ಟ್‌ಡಿಕೋಡರಿಗೆ ವಿಂಡೋಸ್-1252 ಎಂದು ಸ್ಪಷ್ಟವಾಗಿ ಹೇಳಿ ಪಠ್ಯವಾಗಿಸಿ, ಅದನ್ನು ಪಾರ್ಸರಿಗೆ ಕೊಡಿರಿ. ಮೂಲ ಕಡತಗಳ ಪ್ರತಿಯೊಂದನ್ನು ಬೇರೆಡೆ ಇಟ್ಟು, ಅದರ ಮೇಲೆ ಯಾವ ಪ್ರೋಗ್ರಾಮೂ ಬರೆಯದಂತೆ ನೋಡಿಕೊಳ್ಳಿರಿ.

ಕೆಲವು ಪುಟಗಳಲ್ಲಿ ಈ ಸಂಕೇತಗಳನ್ನು ನೇರವಾಗಿ ಬರೆಯದೆ ಆಂಪರ್‌ಸೆಂಡಿನಿಂದ ಆರಂಭವಾಗಿ ಅರ್ಧವಿರಾಮದಲ್ಲಿ ಮುಗಿಯುವ ಹೆಸರುಗಳಾಗಿ ಬರೆದಿರುತ್ತಾರೆ. ಅವನ್ನು ನೀವು ಬಿಡಿಸಬೇಕಾಗಿಲ್ಲ. ಪಾರ್ಸರ್ ಅವನ್ನು ಮೂಲ ಅಕ್ಷರವಾಗಿಸಿಯೇ ಟೆಕ್ಸ್ಟ್ ನೋಡಿನಲ್ಲಿ ಇಡುತ್ತದೆ.

ಈಗ ಮರದ ಕೆಲಸ. ನುಡಿಯಲ್ಲಿ ಬರೆದ ಭಾಗವನ್ನು ಫಾಂಟ್ ಎಂಬ ಹಳೆಯ ಟ್ಯಾಗಿನೊಳಗೆ ಇಟ್ಟು, ಅದರ ಫೇಸ್ ಗುಣದಲ್ಲಿ ನುಡಿ ಎಂದು ಆರಂಭವಾಗುವ ಹೆಸರನ್ನು ಕೊಟ್ಟಿರುತ್ತಾರೆ. ಇಂಗ್ಲಿಷ್ ಹೆಸರುಗಳು ಬೇರೆ ಫಾಂಟಿನ ಟ್ಯಾಗಿನೊಳಗಿರುತ್ತವೆ, ಎಷ್ಟೋ ಸಲ ಅದು ನುಡಿಯ ಟ್ಯಾಗಿನ ಒಳಗೇ ಇರುತ್ತದೆ. ಒಂದು ಟೆಕ್ಸ್ಟ್ ನೋಡನ್ನು ಪರಿವರ್ತಿಸಬೇಕೇ ಬೇಡವೇ ಎಂಬುದು ಅದರಿಂದ ಮೇಲಕ್ಕೆ ಹೋದಾಗ ಮೊದಲು ಸಿಗುವ ಫಾಂಟ್ ಟ್ಯಾಗಿನಿಂದ ನಿರ್ಧಾರವಾಗಬೇಕು. ಯುನಿಸ್ಟ್-ಯುಟಿಲ್-ವಿಸಿಟ್-ಪೇರೆಂಟ್ಸ್ ಎಂಬ ಉಪಕರಣ ಪ್ರತಿಯೊಂದು ಟೆಕ್ಸ್ಟಿನ ಜೊತೆಗೆ ಅದರ ಪೂರ್ವಜರ ಪೂರ್ತಿ ಸಾಲನ್ನು ನಿಮಗೆ ಒಪ್ಪಿಸುತ್ತದೆ. ಆ ಸಾಲನ್ನು ಕೊನೆಯಿಂದ ನೋಡುತ್ತ ಬಂದು, ಮೊದಲ ಫಾಂಟ್ ನುಡಿಯದಾಗಿದ್ದರೆ ಮಾತ್ರ ಆ ಟೆಕ್ಸ್ಟನ್ನು ಪರಿವರ್ತಕಕ್ಕೆ ಕೊಟ್ಟು, ಬಂದ ಉತ್ತರವನ್ನು ಅದರ ಜಾಗದಲ್ಲಿಯೇ ಇಡಿರಿ. ಟ್ಯಾಗ್‌ಗಳ ಹೆಸರು, ಕೊಂಡಿಗಳ ವಿಳಾಸ, ಚಿತ್ರಗಳ ಹೆಸರು ಇವು ಯಾವುವೂ ಟೆಕ್ಸ್ಟ್ ನೋಡುಗಳಲ್ಲದ ಕಾರಣ ಅವು ತಾವಾಗಿಯೇ ಸುರಕ್ಷಿತವಾಗಿ ಉಳಿಯುತ್ತವೆ. ಎಲ್ಲ ಮುಗಿದ ಮೇಲೆ ನುಡಿಯ ಫೇಸ್ ಗುಣವನ್ನು ತೆಗೆದುಹಾಕಿ, ಚಾರ್‌ಸೆಟ್ ಘೋಷಣೆಯನ್ನು ಯುಟಿಎಫ್-8ಕ್ಕೆ ತಿದ್ದಿ, ರೀಹೈಪ್-ಸ್ಟ್ರಿಂಗಿಫೈ ಮೂಲಕ ಹೊಸ ಪುಟವನ್ನು ಬರೆಸಬಹುದು.

ಒಂದು ತೊಡಕನ್ನು ಮಾತ್ರ ಯಂತ್ರಕ್ಕೆ ಬಿಡಲಾಗದು. ಹಳೆಯ ಸಂಪಾದಕ ತಂತ್ರಾಂಶಗಳು ಒಂದು ಪದದ ನಡುವೆಯೇ ಬಣ್ಣ ಅಥವಾ ದಪ್ಪಕ್ಷರದ ಟ್ಯಾಗನ್ನು ತೂರಿಸಿರುತ್ತವೆ. ಆಗ ವ್ಯಂಜನದ ತುಣುಕು ಒಂದು ಟೆಕ್ಸ್ಟಿನಲ್ಲಿ, ಅದರ ಗುಣಿತದ ಗುರುತು ಇನ್ನೊಂದು ಟೆಕ್ಸ್ಟಿನಲ್ಲಿ ಉಳಿದು, ಬೇರೆ ಬೇರೆಯಾಗಿ ಪರಿವರ್ತಿಸಿದಾಗ ಅಕ್ಷರ ಕೆಡುತ್ತದೆ. ಪರಿವರ್ತನೆಯಾದ ಟೆಕ್ಸ್ಟುಗಳಲ್ಲಿ ಯಾವುದಾದರೂ ಸ್ವರಚಿಹ್ನೆಯಿಂದಲೋ ಒತ್ತಕ್ಷರದಿಂದಲೋ ಆರಂಭವಾಗಿದ್ದರೆ ಅದರ ಸಾಲುಸಂಖ್ಯೆಯನ್ನು ಅಚ್ಚುಮಾಡಿಸಿಕೊಂಡು ಅಂಥ ಜಾಗಗಳನ್ನು ಕೈಯಿಂದ ತಿದ್ದಿರಿ. ಕನ್ನಡವನ್ನು ಚೆನ್ನಾಗಿ ಬಲ್ಲ ಉಪಾಧ್ಯಾಯರ ಕಣ್ಣಿಗೆ ಇದು ಕಷ್ಟದ ಕೆಲಸವಲ್ಲ.

ಕೊನೆಯಲ್ಲಿ ಎಲ್ಲ ಟೆಕ್ಸ್ಟುಗಳನ್ನೂ ಎನ್‌ಎಫ್‌ಸಿ ಎಂಬ ಯುನಿಕೋಡ್ ರೂಪಕ್ಕೆ ತನ್ನಿರಿ. ಜಾವಾಸ್ಕ್ರಿಪ್ಟಿನ ನಾರ್ಮಲೈಜ್ ಎಂಬ ಕಾರ್ಯ ಅದನ್ನು ಮಾಡುತ್ತದೆ. ಕೊಡಗು ಎಂದು ಬರೆಯುವಾಗ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರ ಮತ್ತು ಊಕಾರದ ಎರಡು ಸಂಕೇತಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಮೊದಲನೆಯದರಲ್ಲಿ ಐದು ಸಂಕೇತ, ಎರಡನೆಯದರಲ್ಲಿ ಆರು. ಪಾರ್ಸರ್ ಇದನ್ನು ಸರಿಪಡಿಸುವುದಿಲ್ಲ. ಹಾಗೆಯೇ ಬಿಟ್ಟರೆ ಓದುಗರು ಕೊಡಗು ಎಂದು ಹುಡುಕಿದಾಗ ಅರ್ಧ ಲೇಖನಗಳು ಸಿಗದೇ ಹೋಗಬಹುದು.

ಪ್ರಶ್ನೆ: ನನ್ನ ಪುಟಗಳಲ್ಲಿ ಕೊಡವ ತಕ್ಕಿನ (ಕೊಡವ ಭಾಷೆಯ) ಹಾಡುಗಳೂ ಅವುಗಳ ಕನ್ನಡ ವಿವರಣೆಯೂ ಇವೆ. ಎರಡೂ ಕನ್ನಡ ಲಿಪಿಯಲ್ಲೇ ಇರುವುದರಿಂದ ಯಾವುದು ಯಾವ ಭಾಷೆಯೆಂದು ಯಂತ್ರಕ್ಕೆ ತಿಳಿಸುವುದು ಹೇಗೆ? ಹಾಡುಗಳೆಲ್ಲ ಉದ್ಧರಣೆಯ ಬ್ಲಾಕ್‌ಕೋಟ್ ಟ್ಯಾಗಿನಲ್ಲಿವೆ.
— ಓದುಗರು, ನಾಪೋಕ್ಲು

ಉತ್ತರ: ಲಿಪಿಯಿಂದ ಭಾಷೆಯನ್ನು ಊಹಿಸಲು ಯಂತ್ರಕ್ಕೆ ಬಿಡದೆ ಲ್ಯಾಂಗ್ ಎಂಬ ಗುಣದಲ್ಲಿ ನೀವೇ ಹೇಳಬೇಕು. ಕನ್ನಡದ ಸಂಕೇತ ಕೆಎನ್. ಕೊಡವ ತಕ್ಕಿಗೆ ಭಾಷಾಸಂಕೇತಗಳ ಐಎಸ್‌ಒ 639-3 ಪಟ್ಟಿಯಲ್ಲಿ ಕೆಎಫ್‌ಎ ಎಂಬ ತನ್ನದೇ ಸಂಕೇತವಿದೆ. ಹಾಡುಗಳು ಒಂದೇ ಟ್ಯಾಗಿನಲ್ಲಿರುವುದು ನಿಮ್ಮ ಅದೃಷ್ಟ: ಮರದಲ್ಲಿ ಬ್ಲಾಕ್‌ಕೋಟ್ ಎಲಿಮೆಂಟುಗಳನ್ನು ಮಾತ್ರ ಹುಡುಕಿ ಪ್ರತಿಯೊಂದರ ಗುಣಗಳಿಗೆ ಲ್ಯಾಂಗ್ ಸೇರಿಸಿ, ಪುಟದ ಎಚ್‌ಟಿಎಂಎಲ್ ಎಲಿಮೆಂಟಿಗೆ ಕನ್ನಡದ ಸಂಕೇತ ಕೊಟ್ಟು ಬರೆಸಿದರೆ ಎಲ್ಲ ಪುಟಗಳ ಕೆಲಸವೂ ಒಟ್ಟಿಗೆ ಮುಗಿಯುತ್ತದೆ. ಈ ಗುರುತನ್ನು ದಯವಿಟ್ಟು ಹಾಕಿರಿ. ಕೊಡವ ತಕ್ಕಿನ ಬರಹ ಕನ್ನಡದ ರಾಶಿಯಲ್ಲಿ ಗುರುತಿಲ್ಲದೆ ಬೆರೆತುಹೋದರೆ ಮುಂದೆ ಆ ಭಾಷೆಗಾಗಿ ಕೆಲಸ ಮಾಡಬಯಸುವವರಿಗೆ ಅದನ್ನು ಬೇರ್ಪಡಿಸುವುದು ಬಹಳ ಕಷ್ಟವಾಗುತ್ತದೆ.

ಪ್ರಶ್ನೆ: ಕಾಫಿ ಬೆಲೆಯ ಪುಟವೊಂದನ್ನು ಇಳಿಸಿಕೊಂಡು ಮರ ಮಾಡಿದೆ. ಬ್ರೌಸರಿನಲ್ಲಿ ಅರೇಬಿಕಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ಎಂದು 50 ಕಿಲೋ ಚೀಲದ ಬೆಲೆ ಕಾಣುತ್ತದೆ, ಮರದಲ್ಲಿ ಕೋಷ್ಟಕ ಖಾಲಿ. ಏಕೆ?
— ಓದುಗರು, ವಿರಾಜಪೇಟೆ

ಉತ್ತರ: ಆ ಪುಟದ ಅಂಕಿಗಳು ಎಚ್‌ಟಿಎಂಎಲ್‌ನಲ್ಲಿಯೇ ಇಲ್ಲ. ಪುಟ ತೆರೆದ ಮೇಲೆ ಅದರೊಳಗಿನ ಸ್ಕ್ರಿಪ್ಟ್ ಬೇರೆಡೆಯಿಂದ ಅವನ್ನು ತಂದು ತುಂಬುತ್ತದೆ. ರೀಹೈಪ್-ಪಾರ್ಸ್ ಸ್ಕ್ರಿಪ್ಟನ್ನು ಬರಹವಾಗಿ ಓದುತ್ತದೆಯೇ ಹೊರತು ನಡೆಸುವುದಿಲ್ಲ. ಬ್ರೌಸರಿನ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ನೋಡಿದರೆ ಅಂಕಿಗಳು ಬರುತ್ತಿರುವ ಜೆಸನ್ (ದತ್ತಾಂಶವನ್ನು ಪಠ್ಯವಾಗಿ ಬರೆಯುವ ರೂಪ) ಕಡತ ಸಿಗುವ ಸಾಧ್ಯತೆಯಿದೆ. ಅದು ಸಿಕ್ಕರೆ ಮರದ ಗೊಡವೆಯೇ ಬೇಡ. ಹಾಗೆ ತೆಗೆದುಕೊಳ್ಳಲು ಆ ತಾಣದವರ ಅನುಮತಿ ಇದೆಯೇ ಎಂಬುದನ್ನು ಮೊದಲು ನೋಡಿರಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ದಿನಗಟ್ಟಲೆ ಇಂಟರ್ನೆಟ್ ಇರುವುದಿಲ್ಲ. ಈ ಪ್ಲಗಿನ್ ಆಗ ಕೆಲಸ ಮಾಡುವುದೇ?
— ಓದುಗರು, ಭಾಗಮಂಡಲ

ಉತ್ತರ: ಖಂಡಿತವಾಗಿ ಮಾಡುತ್ತದೆ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ಸ್ಥಾಪಿಸುವ ಉಪಕರಣವಾದ ಎನ್‌ಪಿಎಂ ಮೂಲಕ ಒಮ್ಮೆ ಸ್ಥಾಪಿಸಿಕೊಂಡ ಮೇಲೆ ಎಲ್ಲವೂ ನಿಮ್ಮ ಗಣಕಯಂತ್ರದಲ್ಲಿಯೇ ಇರುತ್ತದೆ, ಹೊರಗಿನ ಯಾವ ಸೇವೆಯನ್ನೂ ಅದು ಕೇಳುವುದಿಲ್ಲ. ಮಳೆ ಹಿಡಿಯುವ ಮೊದಲು ಯೂನಿಫೈಡ್, ರೀಹೈಪ್-ಪಾರ್ಸ್, ರೀಹೈಪ್-ಸ್ಟ್ರಿಂಗಿಫೈ ಮತ್ತು ಮೇಲೆ ಹೇಳಿದ ಸಣ್ಣ ಉಪಕರಣಗಳನ್ನು ಒಂದೇ ಯೋಜನೆಯ ಫೋಲ್ಡರಿನಲ್ಲಿ ಸ್ಥಾಪಿಸಿ ಇಟ್ಟುಕೊಳ್ಳಿರಿ. ಇವು ಹೊಸ ಮಾಡ್ಯೂಲ್ ಪದ್ಧತಿಯವಾದ್ದರಿಂದ ಪ್ರೋಗ್ರಾಮಿನಲ್ಲಿ ಇಂಪೋರ್ಟ್ ಎಂದು ಬರೆದೇ ಸೇರಿಸಿರಿ.

ಪ್ರಶ್ನೆ: ನಮ್ಮ ಸಾಹಿತ್ಯ ಬಳಗದ ತಾಣಕ್ಕೆ ಓದುಗರು ಎಚ್‌ಟಿಎಂಎಲ್ ರೂಪದಲ್ಲಿ ಬರಹ ಕಳುಹಿಸುತ್ತಾರೆ. ರೀಹೈಪ್-ಪಾರ್ಸ್ ಮೂಲಕ ಹಾಯಿಸಿದರೆ ಅದು ಸುರಕ್ಷಿತವಾಗುತ್ತದೆಯೇ?
— ಬಳಗದ ಕಾರ್ಯದರ್ಶಿ, ಸೋಮವಾರಪೇಟೆ

ಉತ್ತರ: ಆಗುವುದಿಲ್ಲ. ಪಾರ್ಸರ್ ಕೆಟ್ಟ ರಚನೆಯನ್ನು ಸರಿಪಡಿಸುತ್ತದೆ, ಕೆಟ್ಟ ಉದ್ದೇಶವನ್ನು ತಡೆಯುವುದಿಲ್ಲ. ಬರಹದಲ್ಲಿ ಸ್ಕ್ರಿಪ್ಟ್ ಟ್ಯಾಗ್ ಇದ್ದರೆ ಅದು ಮರದಲ್ಲಿಯೂ ಇರುತ್ತದೆ, ಮರವನ್ನು ಮತ್ತೆ ಪಠ್ಯವಾಗಿಸಿದಾಗ ಹಾಗೆಯೇ ಹೊರಬಂದು ನಿಮ್ಮ ಓದುಗರ ಬ್ರೌಸರಿನಲ್ಲಿ ನಡೆಯುತ್ತದೆ. ಆನ್‌ಕ್ಲಿಕ್‌ನಂಥ ಗುಣಗಳೂ ಜಾವಾಸ್ಕ್ರಿಪ್ಟಿನಿಂದ ಆರಂಭವಾಗುವ ಕೊಂಡಿಗಳೂ ಹೀಗೆಯೇ. ಪಾರ್ಸ್ ಆದ ಮೇಲೆ ಮತ್ತು ಸ್ಟ್ರಿಂಗಿಫೈ ಆಗುವ ಮೊದಲು ರೀಹೈಪ್-ಸ್ಯಾನಿಟೈಜ್ ಎಂಬ ಪ್ಲಗಿನ್ನನ್ನು ಸೇರಿಸಿರಿ. ಅದು ಅಪಾಯಕಾರಿಯಾದುದನ್ನು ಹುಡುಕಿ ತೆಗೆಯುವ ಬದಲು, ಅನುಮತಿಯ ಪಟ್ಟಿಯಲ್ಲಿ ಇರುವ ಟ್ಯಾಗ್, ಗುಣಗಳನ್ನು ಮಾತ್ರ ಉಳಿಸಿ ಮಿಕ್ಕವನ್ನು ಕೈಬಿಡುತ್ತದೆ. ಬೇರೆ ಪ್ಲಗಿನ್ನುಗಳನ್ನೂ ಬಳಸುತ್ತಿದ್ದರೆ ಇದನ್ನು ಅವೆಲ್ಲದರ ನಂತರ ಇಡಿರಿ, ಏಕೆಂದರೆ ಇದರ ನಂತರ ಬಂದ ಪ್ಲಗಿನ್ ಮರಕ್ಕೆ ಏನನ್ನು ಸೇರಿಸಿದರೂ ಅದು ತಪಾಸಣೆಯಾಗದೆ ಪುಟಕ್ಕೆ ಹೋಗುತ್ತದೆ. ಮೊದಲಿನಿಂದ ಇರುವ ಅನುಮತಿಯ ಪಟ್ಟಿ ಬಿಗಿಯಾದದ್ದು. ಕವಿತೆಗಳ ಸಾಲು ಜೋಡಣೆಗಾಗಿ ನೀವು ಬಳಸುವ ಕ್ಲಾಸ್ ಹೆಸರುಗಳು ಅದರಿಂದ ಹೋಗುತ್ತವೆಯಾದ್ದರಿಂದ, ನಿಮಗೆ ನಿಜವಾಗಿಯೂ ಬೇಕಾದ ಒಂದೆರಡು ಹೆಸರುಗಳನ್ನು ಮಾತ್ರ ಆ ಪಟ್ಟಿಗೆ ಸೇರಿಸಿಕೊಳ್ಳಿರಿ.